ಮಕ್ಕಳೊಡನೆ ಎಲಚಿಯ ಬೇಲಿಗೆ

ಮಕರ ಸಂಕ್ರಾಂತಿ ಸಮೀಪಿಸಿತೆಂದರೆ ನಮ್ಮ ಸೀಮೆಯ ಮನೆಗಳಲ್ಲಿ ಎಳ್ಳು, ಬೆಲ್ಲ, ಕೊಬ್ಬರಿ, ಕಬ್ಬುಗಳ ಯೋಚನೆಯೊಡನೆ ಎಲಚಿಹಣ್ಣಿನ ಯೋಚನೆಯೂ ಹುಟ್ಟುವುದು. ಎಳ್ಳುಬೆಲ್ಲವು ಎಲ್ಲರಿಗೂ ಬೇಕಾದದ್ದು; ಎಲಚಿಯಾದರೋ ಪುಟ್ಟ ಮಕ್ಕಳಿರುವ ಮನೆಗೆ ಮುಖ್ಯವಾಗಿ ಬೇಕಾದದ್ದು. ಹಬ್ಬದ ಸಾಯಂಕಾಲ ಐದು ವರ್ಷ ತುಂಬದ ಮಗುವಿಗೆ ಹೊಸ ಬಟ್ಟೆ ತೊಡಿಸಿ, ಮಣೆಯ ಮೇಲೆ ಕುಳ್ಳಿರಿಸಿ, ಎಲಚಿಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಇವನ್ನು ಬೆರಸಿ ತಲೆಯ ಮೇಲಿಂದ ಎರೆಯುವುದೂ, ಮುತ್ತೈದೆಯರು ಆರತಿ ಬೆಳಗುವುದೂ, ನೆಲದ ಮೇಲೆ ಉರುಳಿದ ಹಣ್ಣನ್ನೂ ಕಾಸನ್ನೂ ಆಯ್ದುಕೊಳ್ಳಲು ನೆರೆಹೊರೆಯ ಮಕ್ಕಳು ಮುಗಿಬೀಳುವುದೂ ಹಳೆಯ ಮೈಸೂರು ಪ್ರಾಂತದ ಅನೇಕ ಮನೆತನಗಳಲ್ಲಿ ನಡೆದುಬಂದ ಪದ್ಧತಿ. ಇದರಿಂದ ಮಗುವಿನ ದೃಷ್ಟಿದೋಷ ಕಳೆಯುವುದೆಂದು ಹಿರಿಯರು ಹೇಳುವರು. ದೋಷ ಕಳೆಯುವುದೋ ಇಲ್ಲವೋ, ಮನೆಯೊಳಗೇ ಹಣ್ಣಿನ ಮಳೆ ಸುರಿಯಿತೆಂಬ ಸಂತೋಷವಂತೂ ಮಕ್ಕಳಿಗೆ ವರ್ಷವೆಲ್ಲ ನೆನಪಿನಲ್ಲಿರುವುದು.

ಈಗ ಈ ಹಣ್ಣನ್ನು ಪಡೆಯುವುದು ಕಷ್ಟವೇನಲ್ಲ. ಹಬ್ಬಕ್ಕೆ ನಾಲ್ಕು ದಿನ ಮುಂಚೆ ಎಳ್ಳುಬೆಲ್ಲದ ಅಂಗಡಿಯಲ್ಲಿಯೇ ಎಲಚಿಯೂ ಪೊಟ್ಟಣದಲ್ಲಿ ಬಂದು ಕುಳಿತಿರುವುದು. ತಳ್ಳುಗಾಡಿಗಳಲ್ಲಿ ‘ಆಪಲ್ ಬೋರೆ’ ಎಂಬ ಹೆಸರಿನ, ಕೋಳಿಮೊಟ್ಟೆಯ ಗಾತ್ರದ ಹಸುರು ಹಣ್ಣೂ ದೊರೆಯುವುದು. ಅದನ್ನು ಮಗುವಿನ ತಲೆಯ ಮೇಲೆ ಎರೆದರೆ ದೃಷ್ಟಿಯ ಬದಲು ಬುಗುಟೆ ಬರುವ ಭಯವುಂಟು. ಕೊಂಡುತರುವುದರಲ್ಲಿ ದೋಷವೇನೂ ಇಲ್ಲ. ಆದರೂ ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ವರ್ಷಕ್ಕೊಂದು ದಿನವಾದರೂ ಅವರನ್ನು ಕರೆದುಕೊಂಡು ಬೇಲಿಯ ಬಳಿಗೆ ಹೋಗಿ, ತಮ್ಮ ಕೈಯಿಂದಲೇ ಹಣ್ಣು ಬಿಡಿಸಿ ತರಬೇಕೆಂಬುದು ನನ್ನ ಅಭಿಪ್ರಾಯ. ಪೇಟೆಯ ಪೊಟ್ಟಣದಲ್ಲಿ ಹಣ್ಣು ಮಾತ್ರ ಬರುವುದು. ಆ ಹಣ್ಣಿನಲ್ಲಿ ಯಾರ ಯಾರ ಪಾಲು ಎಷ್ಟೆಷ್ಟಿದೆಯೆಂಬ ತಿಳಿವಳಿಕೆ ಬೇಲಿಯ ಬಳಿಯಲ್ಲಿ ಮಾತ್ರ ದೊರೆಯುವುದು.

ನಮ್ಮ ಕಡೂರು ಹಣ್ಣಿನ ಸೀಮೆಯೆಂದು ಯಾರೂ ಹೊಗಳುವುದಿಲ್ಲ. 1947ರವರೆಗೆ ಜಿಲ್ಲೆಗೇ ಕಡೂರಿನ ಹೆಸರಿತ್ತಾದರೂ, ಜಿಲ್ಲೆಯ ಕೀರ್ತಿಯೆಲ್ಲ ಪಡುವಲಿನ ಮಲೆನಾಡಿಗೆ ಸಂದದ್ದು. ಬಾಬಾಬುಡನ್ ಬೆಟ್ಟಗಳು ಮಳೆಯ ಮೋಡಗಳನ್ನು ತಡೆದು ಅಲ್ಲಿಯೇ ಬರಿದುಮಾಡಿಬಿಡುವುದರಿಂದ, ಬೆಟ್ಟದ ಈಚೆಗಿರುವ ನಮಗೆ ಉಳಿಯುವುದು ಗಾಳಿ ಮತ್ತು ಅಲ್ಪಸ್ವಲ್ಪ ಹನಿ. ಆ ಬೆಟ್ಟಗಳು ಕೊಡುವ ನೀರನ್ನು ಅಯ್ಯನಕೆರೆ, ಮದಗದಕೆರೆಗಳು ಹಿಡಿದಿಡುವುವು. ಒಂದರಿಂದ ವೇದಾ, ಇನ್ನೊಂದರಿಂದ ಅವತಿ ಹರಿದುಬಂದು ಕಡೂರಿನ ಬಳಿ ಕೂಡಿ ವೇದಾವತಿಯಾಗಿ ಹಿರಿಯೂರಿನ ಕಡೆಗೆ ಹೊರಟುಹೋಗುವುವು. ಉಳಿದ ನೆಲವೆಲ್ಲ ರಾಗಿ, ಜೋಳ, ಹುರುಳಿ, ತೆಂಗು. ಇಂತಹ ನೆಲಕ್ಕೆ ಹೇಳಿಮಾಡಿಸಿದ ಮರ ಎಲಚಿ. ಅದರ ತಾಯಿಬೇರು ಬಹಳ ಆಳಕ್ಕೆ ಇಳಿಯುವುದು. ಬೇಸಗೆ ಬಲಿತಾಗ ಎಲೆಯನ್ನೆಲ್ಲ ಉದುರಿಸಿ ಸತ್ತಂತೆ ನಿಲ್ಲುವುದು. ಮಳೆ ಬಂದೊಡನೆ ಚಿಗುರಿ, ಮಳೆಗಾಲ ಮುಗಿಯುವ ಹೊತ್ತಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹೂ ಬಿಟ್ಟು, ಚಳಿಗಾಲದಲ್ಲಿ ಹಣ್ಣು ಕೊಡುವುದು. ನಮ್ಮ ಕಡೆ ಇದಕ್ಕೆ ಎಲಚಿಯೆಂದೂ ಬಾರೆಯೆಂದೂ ಹೆಸರು, ಉತ್ತರಕ್ಕೆ ಹೋದಂತೆ ಬೋರೆ ಎನ್ನುವರು, ಸಂಸ್ಕೃತದಲ್ಲಿ ಬದರಿ. ನಮ್ಮ ಕಡೂರಿನ ಬೇಲಿಯ ಮುಳ್ಳುಗಿಡಕ್ಕೂ ಹಿಮಾಲಯದ ಬದರಿಯ ಹೆಸರಿಗೂ ಇರುವ ನಂಟು ಯೋಚಿಸಿದರೆ ಸೋಜಿಗವಾಗುವುದು.

ಎಲಚಿಯೊಂದೇ ಅಲ್ಲ. ಕಣ್ಣಿದ್ದವರಿಗೆ ಈ ಬಯಲುಸೀಮೆಯ ಬೇಲಿಗಳೂ ಕುರುಚಲು ಗುಡ್ಡಗಳೂ ವರ್ಷಪೂರ್ತಿ ಏನಾದರೊಂದನ್ನು ಕೊಡುತ್ತಲೇ ಇರುವುವು. ಮುಂಗಾರಿನ ಮೊದಲ ಮಳೆಗಳ ಹೊತ್ತಿಗೆ ಕವಳಿಹಣ್ಣು ಕಪ್ಪಗಾಗುವುದು. ಅದರ ಹಿಂದೆಯೇ ನೇರಳೆಯೂ ಹಳ್ಳದ ದಂಡೆಯ ಈಚಲೂ ಬರುವುವು. ಶ್ರಾವಣ ಭಾದ್ರಪದಗಳಲ್ಲಿ ಸೀತಾಫಲ, ಕಾರ್ತಿಕದಲ್ಲಿ ತುಲಸೀಪೂಜೆಗೆ ನೆಲ್ಲಿಯ ಕೊಂಬೆ, ಪುಷ್ಯದಲ್ಲಿ ಎಲಚಿ, ಮಾಘ ಕಳೆಯುತ್ತಲೇ ಹುಣಸೆ, ರಾಮನವಮಿಗೆ ಬೇಲದ ಪಾನಕ. ಮಕ್ಕಳಿಗೆ ಮಾಸಗಳ ಹೆಸರನ್ನು ಬಾಯಿಪಾಠ ಮಾಡಿಸಿದರೆ ಮರೆತುಬಿಡುವರು. ಒಂದೊಂದು ಮಾಸಕ್ಕೆ ಒಂದೊಂದು ಹಣ್ಣನ್ನು ಕಟ್ಟಿಕೊಟ್ಟರೆ ಎಂದೂ ಮರೆಯರು. ನಾಲಗೆ ಕಲಿತ ಪಂಚಾಂಗವು ತಲೆಗೆ ಬೇಗ ಹತ್ತುವುದೆಂಬುದು ಬಹಳ ವರ್ಷ ಹುಡುಗರಿಗೆ ಪಾಠ ಹೇಳಿದ ನನ್ನ ಅನುಭವ.

ಈ ಸಲದ ಸಂಕ್ರಾಂತಿಗೆ ಹಿಂದಿನ ಭಾನುವಾರ ನಮ್ಮ ಮನೆಯ ತಂಡ ಹೊರಟಿತು. ಮನೆಯಲ್ಲಿ ವರ್ಷ ತುಂಬಿದ ಮೊಮ್ಮಗಳೊಬ್ಬಳಿರುವಳು. ಎಲಚಿ ಬೇಕಾದದ್ದು ಅವಳಿಗೆ. ತರುವ ಭಾರ ಅವಳ ಅಣ್ಣನಿಗೂ ಅಕ್ಕನಿಗೂ ಬಂದಿತು. ಅಣ್ಣನಿಗೆ ಏಳು ವರ್ಷ, ಅಕ್ಕನಿಗೆ ನಾಲ್ಕು. ಅವರ ತಂದೆ, ನಾನು, ನನ್ನ ಹೆಂಡತಿ, ಹೀಗೆ ಐದು ಜನ. ತಾಯಿ ಕೂಸಿನೊಡನೆ ಮನೆಯಲ್ಲಿ ಉಳಿದಳು. ಬುತ್ತಿಗೆ ಅವರೆಕಾಳಿನ ಉಪ್ಪಿಟ್ಟು, ಮೊಸರನ್ನ, ಒಂದು ತಂಬಿಗೆ ಮಜ್ಜಿಗೆ. ಇವಲ್ಲದೆ ನನ್ನ ಹೆಂಡತಿ ಅಟ್ಟದಲ್ಲಿದ್ದ ಹಿತ್ತಾಳೆಯ ಸೇರನ್ನು ತೆಗೆದು ಹುಣಸೆಹಣ್ಣು ಹಚ್ಚಿ ತೊಳೆದು ಚೀಲದಲ್ಲಿಟ್ಟಳು. ದೊಡ್ಡ ಬುಟ್ಟಿ ತರುತ್ತೇನೆಂದು ಹುಡುಗನು ಹಠ ಹಿಡಿದನು. “ಪಾಪುವಿಗೆ ಎರೆಯುವುದಕ್ಕೆ ಒಂದು ಸೇರು ಸಾಕು. ಸೇರು ತುಂಬಿದಮೇಲೆ ಮನೆಗೆ ಬರುವುದು,” ಎಂದಳು ಅವನ ಅಜ್ಜಿ. ಹಣ್ಣು ಬಿಡಿಸಲು ಹೋಗುವವರು ಅಳತೆಯ ಪಾತ್ರೆಯನ್ನು ಮೊದಲೇ ಕೊಂಡೊಯ್ಯುವುದು ಎಂತಹ ವಿವೇಕವೆಂಬುದು ಮುಂದೆ ತಿಳಿಯುವುದು.

ಊರಿನಿಂದ ಒಂದು ಹರದಾರಿಯಾಚೆ ಪರಿಚಿತರಾದ ಗೌಡರೊಬ್ಬರ ಹೊಲವಿರುವುದು. ಆಟೋರಿಕ್ಷಾ ಇಳಿದು ಬಂಡಿಜಾಡಿನಲ್ಲಿ ಅರ್ಧ ಮೈಲಿ ನಡೆಯಬೇಕು. ರಾಗಿಯ ಕಟಾವು ಮುಗಿದು ಹೊಲಗಳು ಬಯಲಾಗಿದ್ದುವು. ಕೂಳೆಯ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಹೊಲದ ಉತ್ತರದ ಬದುವಿನ ಮೇಲೆ ಸಾಲಾಗಿ ಹನ್ನೊಂದು ಎಲಚಿಯ ಮರಗಳು. ಕೆಲವು ಆಳೆತ್ತರ, ಕೆಲವು ಅದಕ್ಕೆ ಎರಡರಷ್ಟು. ಅವುಗಳ ನಡುವೆ ಕತ್ತಾಳೆ, ಕಾರೆ, ಲಂಟಾನಗಳು ಹೆಣೆದುಕೊಂಡು ಕುರಿಯೂ ತೂರದ ಬೇಲಿಯಾಗಿದ್ದಿತು. ಹಣ್ಣುಗಳು ಹಳದಿ, ಕಿತ್ತಳೆ, ಕಂದು ಹೀಗೆ ಮೂರು ಬಣ್ಣಗಳಲ್ಲಿ ಗೊಂಚಲುಗಟ್ಟಿದ್ದುವು. ಬಿಸಿಲು ಏರುತ್ತ ಆ ಹುಳಿಸಿಹಿ ಪರಿಮಳ ಹೊಲದ ಮೇಲೆಲ್ಲ ಹರಡುತ್ತಿತ್ತು.

ಮಕ್ಕಳಿಗೆ ಮೊದಲ ಪಾಠ ಹೇಳಿದುದು ಮುಳ್ಳು. ಎಲಚಿಯ ಎಲೆಯ ಬುಡದಲ್ಲಿ ಮುಳ್ಳುಗಳು ಜೋಡಿಯಾಗಿರುವುವು. ಒಂದು ನೆಟ್ಟಗೆ, ಇನ್ನೊಂದು ಹಿಂದಕ್ಕೆ ಬಾಗಿದ ಕೊಕ್ಕೆಯಂತೆ. ಕೈಯನ್ನು ಒಳಗೆ ಹಾಕುವಾಗ ನೆಟ್ಟಗಿನ ಮುಳ್ಳು ಎಚ್ಚರಿಸುವುದು. ಅದನ್ನು ಲೆಕ್ಕಿಸದೆ ಹೋದವನನ್ನು ಹಿಂದಕ್ಕೆ ಎಳೆದುಕೊಳ್ಳುವಾಗ ಕೊಕ್ಕೆಯ ಮುಳ್ಳು ಹಿಡಿದುಕೊಳ್ಳುವುದು. ಹುಡುಗನ ಅಂಗಿಯ ತೋಳು ಮೊದಲ ನಿಮಿಷದಲ್ಲಿಯೇ ಸಿಕ್ಕಿಕೊಂಡಿತು. ಎಳೆದಷ್ಟೂ ಹರಿಯಿತು. ನಿಂತು, ತೋಳನ್ನು ಮುಂದಕ್ಕೆ ತಳ್ಳಿ, ಮೆಲ್ಲಗೆ ಬಿಡಿಸಿದಮೇಲೆ ಬಿಟ್ಟಿತು. ಅನಂತರ ಅವನ ಕೈ ತಾನಾಗಿಯೇ ನಿಧಾನವಾಯಿತು. ಒಂದೊಂದು ಹಣ್ಣನ್ನೂ ನೋಡಿ, ಬಣ್ಣ ಪರೀಕ್ಷಿಸಿ, ಎರಡು ಬೆರಳಿನಿಂದ ಬಿಡಿಸತೊಡಗಿದನು. ನಿಧಾನವಾಗಿ ಕೆಲಸ ಮಾಡೆಂದು ಮನೆಯಲ್ಲಿ ನೂರು ಸಲ ಹೇಳಿಸಿಕೊಂಡ ಹುಡುಗನೇ ಇವನು!

ಅವನ ತಂಗಿಯ ವಿಚಾರ ಬೇರೆ. ಹಿಂದಿನ ರಾತ್ರಿ ಅವಳಿಗೆ ಶಬರಿಯ ಕಥೆ ಹೇಳಿದ್ದಿತು. ವಾಲ್ಮೀಕಿಯಲ್ಲಿ ಶಬರಿಯು ಕಾಡಿನ ಫಲಗಳನ್ನು ಕೂಡಿಟ್ಟಿದ್ದಳೆಂದು ಮಾತ್ರ ಇರುವುದು. ಕಚ್ಚಿ ರುಚಿನೋಡಿ ಸಿಹಿಯಾದುದನ್ನೇ ಆರಿಸಿಕೊಟ್ಟಳೆಂಬುದು ಜನರ ಭಕ್ತಿಯು ಆಮೇಲೆ ಸೇರಿಸಿದ ಮಾತು. ಆದರೆ ಮಗುವಿಗೆ ಹಿಡಿಸಿದುದು ಈ ಆಮೇಲಿನ ಭಾಗವೇ. ಪ್ರತಿಯೊಂದು ಹಣ್ಣನ್ನೂ ಕಚ್ಚಿ, ಹುಳಿಯಾದರೆ ಉಗುಳಿ, ಸಿಹಿಯಾದರೆ ಅರ್ಧ ಹಣ್ಣನ್ನು ಬಹು ಗಂಭೀರವಾಗಿ ಸೇರಿಗೆ ಹಾಕುತ್ತಿದ್ದಳು. ನನ್ನ ಹೆಂಡತಿ ಅದನ್ನು ಕಂಡು, “ಇದು ದೇವರಿಗಲ್ಲವಮ್ಮ, ನಿನ್ನ ತಂಗಿಗೆ. ಅವಳಿಗೆ ಇಡೀ ಹಣ್ಣು ಬೇಕು,” ಎಂದು ತಿಳಿಯಹೇಳಬೇಕಾಯಿತು. ತಂಗಿಯು ರಾಮನಿಗಿಂತ ಹೇಗೆ ಹೆಚ್ಚೆಂಬುದು ಮಗುವಿಗೆ ಅರ್ಥವಾಗಲಿಲ್ಲ, ಆದರೂ ಒಪ್ಪಿದಳು.

ನಾವು ಬರುವುದಕ್ಕೆ ಮುಂಚೆಯೇ ಅಲ್ಲಿ ಒಬ್ಬ ಮುದುಕಿ ಇದ್ದಳು. ಎಪ್ಪತ್ತರ ಮೇಲಿನ ವಯಸ್ಸು. ಮರದ ಬುಡದಲ್ಲಿ ಹಳೆಯ ಸೀರೆಯೊಂದನ್ನು ಹಾಸಿ, ರಾತ್ರಿ ಉದುರಿದ ಹಣ್ಣನ್ನು ಆಯ್ದು ಕುಕ್ಕೆಗೆ ತುಂಬುತ್ತಿದ್ದಳು. ಆಯ್ದುದನ್ನು ಕಡೂರಿನಲ್ಲಿಯೋ ಬೀರೂರಿನಲ್ಲಿಯೋ ಬೀದಿಯ ಬದಿಯಲ್ಲಿ ಕುಳಿತು ಲೋಟದ ಲೆಕ್ಕದಲ್ಲಿ ಮಾರುವಳು. ಹಬ್ಬದ ಮುಂಚಿನ ಎರಡು ವಾರಗಳು ಅವಳ ಪಾಲಿನ ಸುಗ್ಗಿ. ಮಿಕ್ಕಿದ ಹಣ್ಣನ್ನು ಉಪ್ಪು, ಮೆಣಸಿನಕಾಯಿ, ಬೆಲ್ಲ ಸೇರಿಸಿ ಕುಟ್ಟಿ, ಬಿಲ್ಲೆ ತಟ್ಟಿ ಬಿಸಿಲಿನಲ್ಲಿ ಒಣಗಿಸಿ ಇಡುವಳು. ಬೇಸಗೆಯಲ್ಲಿ ಶಾಲೆಯ ಮಕ್ಕಳಿಗೆ ಅದರ ಮಾರಾಟ. ಗೌಡರ ತಂದೆಯ ಕಾಲದಿಂದಲೂ ಈ ಬದುವಿನ ಮೇಲೆ ಅವಳಿಗೆ ಇಷ್ಟು ಅವಕಾಶವುಂಟು. ಯಾವ ಕಾಗದ ಪತ್ರದಲ್ಲಿಯೂ ಬರೆದಿಲ್ಲದ ಆ ಕರಾರನ್ನು ಅವಳೇ ನಮಗೆ ತಿಳಿಸಿದಳು: “ಕೈಗೆ ಸಿಕ್ಕೋದು ಬಂದೋರ್ದು, ನೆಲಕ್ಕೆ ಬಿದ್ದಿದ್ದು ನಂದು, ನೆತ್ತೀದು ಗಿಣಿದು ಸ್ವಾಮಿ.”

ಹುಡುಗನು ಇದನ್ನು ಗಮನವಿಟ್ಟು ಕೇಳಿದನು. ಸ್ವಲ್ಪ ಹೊತ್ತು ಯೋಚಿಸಿ, “ನಾನು ಮರ ಅಲ್ಲಾಡಿಸಿದರೆ ನೆತ್ತಿಯ ಹಣ್ಣು ನೆಲಕ್ಕೆ ಬೀಳುತ್ತಲ್ಲ, ಅದು ಯಾರದು?” ಎಂದು ಕೇಳಿದನು. ಪ್ರಶ್ನೆಯು ನ್ಯಾಯಸ್ಥಾನಕ್ಕೆ ಹೋಗತಕ್ಕದ್ದಾಗಿದ್ದಿತು. ವಕೀಲರ ಕೈಗೆ ಸಿಕ್ಕಿದ್ದರೆ ಮೂರು ತಲೆಮಾರು ನಡೆಯುತ್ತಿತ್ತು. ಮುದುಕಿಯಾದರೋ ಕೈಕೆಲಸ ಬಿಡದೆಯೇ ಉತ್ತರ ಕೊಟ್ಟಳು: “ಅಲ್ಲಾಡಿಸ್ದೋರ್ದೇ ಆಗ್ಲಿ ಮಗಾ, ನಂಗೇನೂ ಬ್ಯಾಡ. ಆದ್ರೆ ಅಲ್ಲಾಡಿಸಿದ್ರೆ ಹಣ್ಣೂ ಬೀಳ್ತದೆ, ಕಾಯೂ ಬೀಳ್ತದೆ. ಆ ಕಾಯಿ ಯಾರ್ದು, ಹೇಳು?” ಹುಡುಗನು ಮೇಲೆ ನೋಡಿದನು, ಹಣ್ಣಿಗಿಂತ ಹಸುರು ಕಾಯಿಯೇ ಹೆಚ್ಚಾಗಿದ್ದಿತು. “ಯಾರದೂ ಅಲ್ಲ,” ಎಂದನು ಕೊನೆಗೆ, ಮೆಲುದನಿಯಲ್ಲಿ. ಕೊಂಬೆ ಹಿಡಿದಿದ್ದ ಕೈಯನ್ನು ಬಿಟ್ಟನು. ಆಮೇಲೆ ದೋಟಿ ಬೇಕೆಂದು ಸಹ ಕೇಳಲಿಲ್ಲ. ನೆತ್ತಿಯ ಮೇಲೆ ಗಿಳಿಗಳೂ ಪಿಕಳಾರಗಳೂ ತಮ್ಮ ಪಾಲನ್ನು ತಿನ್ನುತ್ತಿದ್ದುವು. ತಿಂದುದಕ್ಕಿಂತ ಕೆಡವಿದುದು ಹೆಚ್ಚು. ಅವು ಕೆಡವಿದುದು ಮುದುಕಿಯ ಸೀರೆಗೆ ಬೀಳುತ್ತಿತ್ತು. ರಾತ್ರಿಯ ಪಾಲು ನರಿಗೆ. ಬದುವಿನ ಮೇಲೆ ಒಣಗಿದ್ದ ನರಿಯ ಹಿಕ್ಕೆಯಲ್ಲಿ ಎಲಚಿಯ ಬೀಜಗಳನ್ನು ಅವಳು ಮಕ್ಕಳಿಗೆ ಕೋಲಿನಿಂದ ತೋರಿಸಿದಳು. ಅವರಿಗೆ ಅಂದಿನ ಪ್ರವಾಸದಲ್ಲಿ ಇದಕ್ಕಿಂತ ರುಚಿಸಿದ ವಿಷಯ ಇನ್ನೊಂದಿರಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಸೇರು ತುಂಬಿತು. ಮೇಲೆ ಗೋಪುರ ಬರುವಂತೆ ತುಂಬಬೇಕೋ ಮಟ್ಟವಾಗಿ ತುಂಬಬೇಕೋ ಎಂಬ ಚರ್ಚೆ ಅಣ್ಣತಂಗಿಯರಲ್ಲಿ ನಡೆದು, ಗೋಪುರವೆಂದು ತೀರ್ಮಾನವಾಯಿತು. ಅಲ್ಲಿಗೆ ಕೆಲಸ ನಿಂತಿತು. ಹಣ್ಣು ಇನ್ನೂ ಬೇಕಾದಷ್ಟಿದ್ದಿತು. ಮಕ್ಕಳಿಗೆ ಉತ್ಸಾಹವೂ ಇದ್ದಿತು. ಆದರೆ ಸೇರು ತುಂಬಿದುದನ್ನು ಅವರೇ ಕಣ್ಣಾರೆ ಕಂಡಿದ್ದರಿಂದ ನಾವು ಸಾಕೆನ್ನಬೇಕಾಗಲಿಲ್ಲ. ಹಿರಿಯರು ಹೇಳಿದ ‘ಸಾಕು’ ಮಕ್ಕಳಿಗೆ ಅನ್ಯಾಯವಾಗಿ ತೋರುವುದು. ಪಾತ್ರೆಯು ಹೇಳಿದ ‘ಸಾಕು’ ನ್ಯಾಯವಾಗಿ ತೋರುವುದು. ಅಮೆರಿಕದಲ್ಲಿ ನೆಲಸಿರುವ ನಮ್ಮ ಕನ್ನಡದ ಕುಟುಂಬಗಳು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಮಕ್ಕಳನ್ನು ಸೇಬಿನ ತೋಟಗಳಿಗೆ ಕರೆದೊಯ್ಯುವರು. ಅಲ್ಲಿ ಹಣ ಕೊಟ್ಟು ಚೀಲವೊಂದನ್ನು ಕೊಂಡು, ಅದರಲ್ಲಿ ಹಿಡಿಸುವಷ್ಟು ಹಣ್ಣನ್ನು ತಾವೇ ಬಿಡಿಸಿಕೊಳ್ಳಬಹುದಂತೆ. ಮಕ್ಕಳಿಗೆ ಮರವನ್ನು ತೋರಿಸುವುದಕ್ಕೆ ಅದೂ ಒಳ್ಳೆಯ ಏರ್ಪಾಡೇ. ಆದರೆ ದುಡ್ಡು ಕೊಟ್ಟ ಚೀಲವನ್ನು ಯಾರೂ ಅರ್ಧಕ್ಕೆ ನಿಲ್ಲಿಸರು. ಮನೆಯಿಂದ ಹೊರಡುವಾಗಲೇ ನಮ್ಮ ಅಗತ್ಯದ ಅಳತೆಯನ್ನು ಗೊತ್ತುಮಾಡಿಕೊಂಡು ಹೋದರೆ, ಎಲ್ಲಿಯ ತೋಟವಾದರೂ ಒಂದೇ.

ಬಾವಿಯ ಬಳಿ ತೆಂಗಿನ ನೆರಳಿನಲ್ಲಿ ಬುತ್ತಿ ಬಿಚ್ಚಿದಾಗ ಗೌಡರು ಬಂದು ಕುಳಿತರು. ಮುದುಕಿಗೂ ಉಪ್ಪಿಟ್ಟು ಕೊಟ್ಟೆವು. ಮಾತು ಬೆಳೆಗಳ ಕಡೆಗೆ ತಿರುಗಿತು. ಈಗ ತರೀಕೆರೆಯ ಕಡೆಯಿಂದ ಅಡಕೆಯು ಬಯಲುಸೀಮೆಗೂ ಇಳಿದಿರುವುದು ಎಲ್ಲರಿಗೂ ತಿಳಿದ ಸಂಗತಿ. ಕೊಳವೆಬಾವಿಯ ನೀರನ್ನು ಹನಿಹನಿಯಾಗಿ ಬಿಟ್ಟು, ರಾಗಿಯ ಹೊಲದಲ್ಲಿ ಅಡಕೆಯ ಸಸಿ ನೆಡುತ್ತಿರುವರು. ಗೌಡರೂ ನೆಡುವುದೆಂದು ನಿಶ್ಚಯಿಸಿದ್ದರು. ಹಬ್ಬ ಕಳೆದಮೇಲೆ ಯಂತ್ರ ತರಿಸಿ ಉತ್ತರದ ಬದುವನ್ನು ಸಮಮಾಡಿಸಿ, ತಂತಿಬೇಲಿ ಹಾಕಿಸುವರಂತೆ. “ಮುಳ್ಳುಬೇಲಿ ಯಾಕೆ ಬೇಕಿತ್ತು ಮೇಷ್ಟ್ರೇ? ಊರ ದನ ಬರ್ತಿತ್ತು ಅಂತ. ಈಗ ದನ ಎಲ್ಲಿದೆ? ಎಂಟಡಿ ನೆಲ ಸುಮ್ಮನೆ ಹೋಗ್ತಿದೆ. ಮುಳ್ಳಿಗೆ ಯಾರು ಬೆಲೆ ಕೊಡ್ತಾರೆ?” ಎಂದರು. ಅವರು ಹೇಳಿದುದರಲ್ಲಿ ತಪ್ಪೇನೂ ಇರಲಿಲ್ಲ. ಅಮೃತಮಹಲ್ ದನಗಳಿಗೆ ಹೆಸರಾದ ಸೀಮೆ ಇದು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯಿಂದ ಬೆಳೆದು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲೆಂದು ಹೆಸರು ಪಡೆದ ಆ ದನಗಳ ತಳಿಕೇಂದ್ರವು ಈಚೆಗೆ ತರೀಕೆರೆಯಿಂದ ಬೇರ್ಪಟ್ಟು ತಾಲ್ಲೂಕಾದ ಅಜ್ಜಂಪುರದಲ್ಲಿರುವುದು. ಆದರೂ ಹಳ್ಳಿಯ ದನದ ಮಂದೆ ಕರಗಿದೆ. ಅದರೊಡನೆ ಬೇಲಿಯ ಕೆಲಸವೂ ಮುಗಿದಿದೆ. ಸಾಲ ತೀರಿಸಬೇಕಾದ ಒಕ್ಕಲಿಗನಿಗೆ ಎಂಟಡಿ ನೆಲ ಸಣ್ಣದಲ್ಲ.

ಮುದುಕಿಯು ಇದನ್ನೆಲ್ಲ ಕೇಳುತ್ತಿದ್ದಳು. ಒಂದು ಮಾತನ್ನೂ ಆಡಲಿಲ್ಲ. ಎಲೆಯಲ್ಲಿದ್ದ ಉಪ್ಪಿಟ್ಟನ್ನು ಮುಗಿಸಿ, ಎಲೆಯನ್ನು ಮಡಿಸಿ, ಕುಕ್ಕೆಯ ಬಳಿಗೆ ಹೋಗಿ ಹಣ್ಣಿನೊಳಗಿನ ಕಸ ತೆಗೆಯುತ್ತ ಕುಳಿತಳು. ಆ ಬದುವಿನಲ್ಲಿ ತನ್ನ ಪಾಲಿದೆಯೆಂದು ಹೇಳುವ ಹಕ್ಕು ತನಗಿಲ್ಲವೆಂಬುದು ಅವಳಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ತಿಳಿದಿದ್ದಿತು. ನೆಲಕ್ಕೆ ಬಿದ್ದುದು ಅವಳದು, ನೆಲ ಅವಳದಲ್ಲ. ನಾನೂ ಮಾತನಾಡಲಿಲ್ಲ. ಮಾತನಾಡಿದವನು ಹುಡುಗ. “ಮುಂದಿನ ವರ್ಷ ಪಾಪುವಿಗೆ ಹಣ್ಣು?” ಎಂದನು. ಗೌಡರು ನಕ್ಕು, “ಪೇಟೇಲಿ ಸಿಗುತ್ತಪ್ಪ,” ಎಂದರು. “ಪೇಟೆಗೆ ಈ ಅಜ್ಜಿಯೇ ಅಲ್ಲವೇ ತರೋದು?” ಎಂದನು ಹುಡುಗ. ಗೌಡರು ಉತ್ತರ ಹೇಳದೆ ಮುದುಕಿಯಿದ್ದ ಕಡೆಗೆ ಒಮ್ಮೆ ನೋಡಿ, ಮಜ್ಜಿಗೆಯ ಲೋಟವನ್ನು ಕೆಳಗಿಟ್ಟು, “ನೋಡೋಣ,” ಎಂದು ಎದ್ದರು.

ಆಮೇಲೆ ಆದುದನ್ನು ಹೇಳಿಬಿಡುವೆನು. ಶಿವರಾತ್ರಿಯ ಹೊತ್ತಿಗೆ ಯಂತ್ರ ಬಂದಿತು. ಹನ್ನೊಂದು ಮರಗಳಲ್ಲಿ ಒಂಬತ್ತು ಹೋದುವು. ಬದುವಿನ ಪೂರ್ವದ ತುದಿಯಲ್ಲಿ, ಬಾವಿಯ ಕಡೆಗಿದ್ದ ಎರಡನ್ನು ಗೌಡರು ಉಳಿಸಿರುವರು. ಎರಡು ಮರಗಳ ಹಣ್ಣಿನಿಂದ ಒಬ್ಬಳ ಹಬ್ಬದ ಸುಗ್ಗಿ ನಡೆಯದು; ಅವಳು ಇನ್ನೊಂದು ಊರಿನ ಬದುವನ್ನು ಹುಡುಕಿಕೊಳ್ಳಬೇಕಾಗಿದೆ. ಎರಡಾದರೂ ಉಳಿದುದು ಹುಡುಗನ ಮಾತಿನಿಂದಲೋ, ಆ ಮೂಲೆಗೆ ಯಂತ್ರ ತಿರುಗದಿದ್ದುದರಿಂದಲೋ ನಾನು ಕೇಳಲಿಲ್ಲ.

ಬೇಲಿಗಳು ಹೀಗೆ ಹೋಗುತ್ತಿರುವಾಗ ಮಕ್ಕಳನ್ನು ಹಣ್ಣಿಗೆ ಎಲ್ಲಿಗೆ ಕರೆದೊಯ್ಯಬೇಕೆಂದು ವಾಚಕರು ಕೇಳಬಹುದು. ಎಲ್ಲಿಗೆ ಹೋಗಬಾರದೆಂಬುದನ್ನು ಮೊದಲು ಹೇಳುವೆನು. ಪಡುವಲಿನ ಭದ್ರಾ ಅರಣ್ಯವು ಅಭಯಾರಣ್ಯವಾಗಿದ್ದು 1998ರಲ್ಲಿ ಹುಲಿಗಳ ರಕ್ಷಿತ ಪ್ರದೇಶವೂ ಆಯಿತು. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲನ್ನು 2011ರಲ್ಲಿ ಕೃಷ್ಣಮೃಗಗಳಿಗಾಗಿ ಸಂರಕ್ಷಿತ ಪ್ರದೇಶವನ್ನಾಗಿ ಮಾಡಿದರು. ಇಂತಹ ಕಡೆಗಳಲ್ಲಿ ಹಣ್ಣು ಕೀಳುವುದು ತರವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಉದ್ದೇಶಕ್ಕೂ ವಿರುದ್ಧ. ಕುರುಚಲು ಗುಡ್ಡಗಳಲ್ಲಿ ಕರಡಿಯ ಸಂಚಾರವೂ ಉಂಟು. ಎಲಚಿಯೆಂದರೆ ಅದಕ್ಕೆ ಬಹಳ ಪ್ರೀತಿ. ಚಿಕ್ಕ ಮಕ್ಕಳ ಪ್ರವಾಸಕ್ಕೆ ತಕ್ಕುದು ಪರಿಚಿತರ ಹೊಲದ ಬದು, ಊರಹತ್ತಿರದ ತೋಟ, ಜನಸಂಚಾರವಿರುವ ಕೆರೆಯ ಆಸುಪಾಸು. ಯಜಮಾನರನ್ನು ಮೊದಲು ಕೇಳಬೇಕು. ಕೇಳುವಾಗ ಮಕ್ಕಳನ್ನು ಎದುರಿಗೇ ನಿಲ್ಲಿಸಿಕೊಂಡಿರಬೇಕು. ಕೇಳಿ ಪಡೆದ ಹಣ್ಣಿಗೂ ಹಾಗೆಯೇ ಕಿತ್ತ ಹಣ್ಣಿಗೂ ಇರುವ ಭೇದವು ಆಗಲೇ ಅವರ ಮನಸ್ಸಿಗೆ ನಾಟುವುದು. ಸಮೀಪದಲ್ಲಿ ಔಷಧ ಸಿಂಪಡಿಸಿರುವರೇ ಎಂಬುದನ್ನೂ ಅದೇ ಬಾಯಲ್ಲಿ ವಿಚಾರಿಸಬೇಕು.

ಇನ್ನು ಎಚ್ಚರಿಕೆಗಳು. ಬೆಳಗ್ಗೆ ಎಂಟಕ್ಕೆ ಹೋಗಿ ಬಿಸಿಲು ಬಲಿಯುವುದರೊಳಗೆ ಮುಗಿಸತಕ್ಕದ್ದು. ಮಕ್ಕಳಿಗೆ ತುಂಬುತೋಳಿನ ಹಳೆಯ ಅಂಗಿ, ಕಾಲಿಗೆ ಮುಚ್ಚಿದ ಪಾದರಕ್ಷೆ ಇರಬೇಕು. ಪೊದೆಗೆ ಕೈ ಹಾಕುವ ಮುಂಚೆ ಹಿರಿಯರು ಕೋಲಿನಿಂದ ಬುಡವನ್ನು ತಟ್ಟಿ, ಹಾವು ಇದ್ದರೆ ಸರಿದುಹೋಗಲು ಸಮಯ ಕೊಡಬೇಕು. ಹಿರಿಯರಿಗೆ ತೋರಿಸದೆ ಏನನ್ನೂ ಬಾಯಿಗೆ ಹಾಕಕೂಡದೆಂಬ ಕಟ್ಟಳೆಯನ್ನು ಮನೆಯಲ್ಲಿಯೇ ಮಾಡಿ ಹೊರಡಬೇಕು. ಏಕೆಂದರೆ ನೋಡಲು ಸುಂದರವಾದ ಗುಲಗಂಜಿಯ ಬೀಜವೂ, ಕಿತ್ತಳೆಯ ಬಣ್ಣದ ಕಾಸರಕದ ಹಣ್ಣಿನೊಳಗಿನ ಬೀಜವೂ ಘೋರವಾದ ವಿಷ. ಬೇಲಿಯ ಕಾಡುಹರಳಿನ ಬೀಜವನ್ನು ಕಡಲೆಕಾಯಿಯಂತೆ ತಿಂದು ಮಕ್ಕಳು ವಾಂತಿಭೇದಿಗಳಿಂದ ಆಸ್ಪತ್ರೆ ಸೇರುವುದುಂಟು. ಅಂತಹದೇನಾದರೂ ಆದರೆ ಮನೆಯ ಮದ್ದಿನಲ್ಲಿ ಕಾಲ ಕಳೆಯದೆ, ತಿಂದ ಕಾಯಿಯ ಮಾದರಿಯೊಡನೆ ನೇರವಾಗಿ ವೈದ್ಯರಲ್ಲಿಗೆ ಹೋಗಬೇಕು.

ಎಲಚಿಯಲ್ಲಿ ವಿಷವಿಲ್ಲ, ಬೀಜದ ಭಯವಿರುವುದು. ಮೂರು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಹಣ್ಣನ್ನು ಇಡಿಯಾಗಿ ಕೊಡದೆ, ಬಿಡಿಸಿ ಬೀಜ ತೆಗೆದು ತಿರುಳನ್ನು ಮಾತ್ರ ಕೊಡಬೇಕು. ಇಲ್ಲವಾದರೆ ಗಂಟಲಿಗೆ ಸಿಕ್ಕುವುದು. ಹಬ್ಬದ ದಿನ ಎರೆಯುವಾಗಲೂ ನೆಲದ ಮೇಲಿನ ಹಣ್ಣು, ಕಾಸುಗಳು ಕೂಸಿನ ಬಾಯಿಗೆ ಹೋಗದಂತೆ ಒಬ್ಬರು ನೋಡಿಕೊಳ್ಳುತ್ತಿರಬೇಕು. ಬಿಡಿಸಿ ತಿನ್ನುವುದಕ್ಕೆ ಇನ್ನೊಂದು ಕಾರಣವೂ ಉಂಟು. ಹಣ್ಣುನೊಣವೊಂದು ಕಾಯಿಯೊಳಗೆ ಮೊಟ್ಟೆಯಿಡುವುದರಿಂದ, ಹೊರಗೆ ನುಣ್ಣಗಿರುವ ಹಣ್ಣಿನೊಳಗೂ ಹುಳುವಿರಬಹುದು. ಹಣ್ಣನ್ನು ತೊಳೆದು, ಹಿತವಾಗಿ ತಿಂದರೆ ಆರೋಗ್ಯಕ್ಕೆ ಒಳ್ಳೆಯದು; ‘ಸಿ’ ಜೀವಸತ್ವದಲ್ಲಿ ನಮ್ಮ ಎಲಚಿಯು ಕಿತ್ತಳೆಗೆ ಹಿಂದಲ್ಲ. ಬರಿಯ ಹೊಟ್ಟೆಯಲ್ಲಿ ಮಿತಿಮೀರಿ ತಿಂದ ಮಕ್ಕಳು ರಾತ್ರಿ ಹೊಟ್ಟೆ ಹಿಡಿದುಕೊಳ್ಳುವರು. ಸೇರಿನ ನ್ಯಾಯವು ಹೊಟ್ಟೆಗೂ ಸಲ್ಲುವುದು.

ನಾವು ಅಂದು ತಿಂದ ಹಣ್ಣಿನ ಬೀಜಗಳನ್ನು ಮಕ್ಕಳು ಒಂದು ಡಬ್ಬಿಯಲ್ಲಿ ಕೂಡಿಟ್ಟಿರುವರು. ಎಲಚಿಯ ಬೀಜದ ಓಡು ಕಲ್ಲಿನಂತಹದು. ಹಾಗೆಯೇ ನೆಟ್ಟರೆ ಮೊಳೆಯಲು ಬಹಳ ಕಾಲ ಹಿಡಿಯುವುದು. ಒಳಗಿನ ತಿರುಳಿಗೆ ಪೆಟ್ಟಾಗದಂತೆ ಓಡನ್ನು ಒಡೆದು ನೆಟ್ಟರೆ ಬೇಗ ಮೊಳೆಯುವುದು. ತಾಯಿಬೇರು ಆಳಕ್ಕಿಳಿಯುವ ಮರವಾದುದರಿಂದ, ಕುಂಡದಲ್ಲಿ ಬೆಳೆಸಿ ಕಿತ್ತು ನೆಡುವುದಕ್ಕಿಂತ ಅದು ನಿಲ್ಲಬೇಕಾದ ಜಾಗದಲ್ಲಿಯೇ ಬೀಜ ಊರುವುದು ಮೇಲು. ನಮ್ಮ ಮನೆಗೆ ಅಂತಹ ಜಾಗವಿಲ್ಲ, ಹಿತ್ತಲೆಲ್ಲ ಸಿಮೆಂಟಾಗಿದೆ. ಗೌಡರನ್ನು ಕೇಳಿದೆವು. ತೋಟದ ತಂತಿಬೇಲಿಯ ಹೊರಮಗ್ಗುಲಿಗೆ, ಬಂಡಿಜಾಡಿನ ಅಂಚಿನಲ್ಲಿ ಒಂದು ಸಾಲಿಗೆ ಒಪ್ಪಿರುವರು. ಬೇಲಿಯ ಹೊರಗಾದುದರಿಂದ ಹಣ್ಣು ದಾರಿಹೋಕರಿಗೂ ಆಯಿತು, ಆಯ್ದುಕೊಳ್ಳುವವರಿಗೂ ಆಯಿತು. ಬೀಜದಿಂದ ಹುಟ್ಟಿದ ಮರ ಹಣ್ಣು ಬಿಡಲು ಕೆಲವು ವರ್ಷಗಳೇ ಬೇಕು. ಅಷ್ಟರಲ್ಲಿ ನಮ್ಮ ಕೂಸಿಗೆ ಎಲಚಿ ಎರೆಸಿಕೊಳ್ಳುವ ವಯಸ್ಸು ಮೀರಿರುವುದು. ಮುದುಕಿಯ ವಿಚಾರ ಹೇಳಲಾಗದು. ಆದರೂ ಬೇರೆ ಮನೆಗಳಲ್ಲಿ ಬೇರೆ ಕೂಸುಗಳು ಇದ್ದೇ ಇರುವುವು. ಮುಂಗಾರು ಬಿದ್ದೊಡನೆ, ಮೊದಲ ಹದ ನೋಡಿಕೊಂಡು, ಹುಡುಗನೂ ಅವನ ತಂಗಿಯೂ ಒಂದೊಂದು ಗುಂಡಿಗೆ ಎರಡೆರಡು ಬೀಜದಂತೆ ಊರಿಬರತಕ್ಕದ್ದೆಂದು ಗೊತ್ತಾಗಿದೆ.